ಹೊಸ್ತಿಲ ಮೇಲೆ ಮಲಗಿದ ಅರಸ

೧೯೩೬ರ ಶ್ರಾವಣದಲ್ಲಿ ನಮ್ಮ ಇತಿಹಾಸ ಭಾಷಣದ ಶನಿವಾರಗಳಿಗೆ ಕೊನೆಗಾಲ ಬಂದಿತ್ತು. ಪುಣೆಯಲ್ಲಿ ನೆಲೆಸಿದ ಧಾರವಾಡ ಕಡೆಯ ಮನೆಗಳವರು ಸಂಜೆ ಒಂದು ವಾಡೆಯ ಪಡಸಾಲೆಯಲ್ಲಿ ಸೇರುತ್ತಿದ್ದರು, ಭಾಷಣ ನನ್ನದು. ನನ್ನ ದಿನಚರಿಯ ಪ್ರಕಾರ ಮೊದಲ ಶನಿವಾರ ಬಂದವರು ಹದಿನೆಂಟು, ಕೊನೆಗೆ ಉಳಿದವರು ಐವರು. ಎರಡನೆಯ ಶನಿವಾರ ಬಂದವರು ಹನ್ನೊಂದು, ಉಳಿದವರು ಇಬ್ಬರು. ಅವರಲ್ಲಿ ಒಬ್ಬರಿಗೆ ನಿದ್ದೆ.

"ತಮ್ಮಾ, ನೀ ಬರೇ ಇಸವಿ ಹೇಳ್ತಿ," ಎಂದರು ಮೂರನೆಯ ಶನಿವಾರ ನಮ್ಮ ಕೂಟದ ಹಿರಿಯರಾದ ಪಿಂಚಣಿದಾರರು. "ಇವತ್ತೂ ಮಂದಿ ಎದ್ದು ಹೋದ್ರ ಮುಂದಿನ ವಾರದಿಂದ ಭಜನಿ."

ಅಂದಿನ ವಿಷಯ ಜಾರ್ಜಿಯಾ ದೇಶದ ಒಂದು ಹಳೆಯ ಮಠ. ತೋರಿಸಲು ಚಿತ್ರವಿರಲಿಲ್ಲ. ಹಾಗಾಗಿ ನಾನು ಹೇಳುತ್ತ ಹೋದಂತೆ ನನ್ನ ಅಕ್ಕ ನೆಲದ ಮೇಲೆ ರಂಗೋಲಿಯಲ್ಲಿ ಬಿಡಿಸುತ್ತ ಹೋದಳು. ನಡುವೆ ದೊಡ್ಡ ಇಗರ್ಜಿ, ಅದರ ಒಳಗೆ ಬಣ್ಣದ ಹರಳು ಕೂಡಿಸಿ ಮಾಡಿದ ಮೇರಿಮಾತೆ, ಪಕ್ಕದಲ್ಲಿ ವಿದ್ಯಾಶಾಲೆ. ೧೧೦೬ರಲ್ಲಿ ಕಟ್ಟಲು ಶುರು, ಎಂದೆ. ಹಿಂದಿನ ಸಾಲಿನಲ್ಲಿ ಒಂದು ಆಕಳಿಕೆ.

ನಾನು ಗಾಬರಿಯಿಂದ ಇಸವಿ ಬಿಟ್ಟು ಮಠದ ಹೆಬ್ಬಾಗಿಲಿನ ಕಥೆಗೆ ಹಾರಿದೆ. "ಕಟ್ಟಿಸಿದ ಅರಸನ ಗೋರಿ ಬಾಗಿಲಲ್ಲೇ ಇದೆ. ಒಳಗೆ ಬರುವವರೆಲ್ಲ ತನ್ನನ್ನು ತುಳಿದೇ ಬರಲಿ ಎಂಬುದು ಅವನ ಆಸೆಯಂತೆ." ಅಕ್ಕ ಪಡಸಾಲೆಯ ಹೊಸ್ತಿಲಿಗೆ ಅಡ್ಡವಾಗಿ ಉದ್ದನೆಯ ಗೋರಿಕಲ್ಲು ಬಿಡಿಸಿ, ಮೇಲೆ ಚಿಟಿಕೆ ಕುಂಕುಮ ಹಾಕಿಬಿಟ್ಟಳು.

ಅಲ್ಲಿಂದ ಎಲ್ಲ ಬದಲಾಯಿತು. ಪಿಂಚಣಿದಾರರು ಊಟದ ಹೊತ್ತಾಯಿತೆಂದು ಎದ್ದರು, ಬಾಗಿಲ ತನಕ ಹೋದರು, ಎತ್ತಿದ ಕಾಲು ಇಳಿಸಿ ಹಿಂದೆ ಬಂದು ಕೂತರು.

"ಯಾಕ್ರೀ, ಹೋಗಲಿಲ್ಲ?" ಎಂದರು ಪಕ್ಕದವರು.

"ಹೆಂಗ ಹೋಗ್ಲಿ? ಅರಸ ಮಲಗ್ಯಾನ. ಮ್ಯಾಲೆ ಕುಂಕುಮ ಬ್ಯಾರೆ."

"ಅವನೇ ತುಳೀರಿ ಅಂದಾನಲ್ರೀ!"

"ಹಂಗಾದ್ರ ನೀವ ತುಳೀರಿ."

ಯಾರೂ ತುಳಿಯಲಿಲ್ಲ. ನಾನು ನೆಮ್ಮದಿಯಾಗಿ ೧೫೧೦ರ ಬೆಂಕಿಯನ್ನೂ ಆಮೇಲಿನ ದುರಸ್ತಿಯನ್ನೂ ಹೇಳಿ ಮುಗಿಸಿದೆ. ಆದರೂ ಯಾರೂ ಏಳಲೊಲ್ಲರು.

ಕೊನೆಗೆ ನನ್ನ ಅಜ್ಜಿ ಎದ್ದಳು. "ಪಂಢರಪುರದಾಗೂ ಇದ ಕತಿ. ಗುಡಿ ಬಾಗಿಲದ ಮೊದಲ ಪಾವಟಗಿ ಕೆಳಗ ಸಂತ ಇದ್ದಾನ, ಮಂದಿ ಪಾದಧೂಳಿ ಬೇಕಂದಾನ. ನಾವು ಕೈಮುಗಿದು ದಾಟಿ ಹೋಗ್ತೀವಿ. ದೊಡ್ಡವರ ಮಾತು ಯಾರು ಕೇಳ್ತಾರ?" ಬಾಗಿ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಸೀರೆ ಎತ್ತಿ ಜಿಗಿದಳು. ಉಳಿದವರು ಸಾಲಾಗಿ ಹಾಗೇ ಮಾಡಿದರು. ಕಾಲು ತಾಗದ ಅರಸ ಕೈ ತಾಗಿ ತಾಗಿಯೇ ಅಳಿಸಿಹೋದ.

ಅಂದು ಬಂದವರು ಹದಿನಾಲ್ಕು, ನಡುವೆ ಹೋದವರು ಸೊನ್ನೆ. ಪಿಂಚಣಿದಾರರು ಮೊಣಕಾಲು ಹಿಡಿದುಕೊಂಡು, ನನ್ನ ಹೆಗಲ ಆಸರೆಯಲ್ಲಿ ಕೊನೆಯವರಾಗಿ ದಾಟಿದರು.

"ಮುಂದಿನ ಶನಿವಾರನೂ ನೀನ ಮಾತಾಡು," ಎಂದರು. "ಆದ್ರ ಅರಸರನ್ನ ಗ್ವಾಡಿ ಕಡೆ ಮಲಗಸು."