ಮಾಸ್ಕೋ ವೇಳೆಯಲ್ಲಿ ಒಂದು ಬಾಣಂತನ

ಕೊರೋನಾದ ಮೊದಲ ನಿರ್ಬಂಧದ ದಿನಗಳಲ್ಲಿ ಕೌಲಾಲಂಪುರದ ಬಾಂಗ್ಸಾರಿನ ನಮ್ಮ ಬಾಲ್ಕನಿಯಿಂದ ಕಾಣುವ ಜಗತ್ತಿನಲ್ಲಿ ಚಲಿಸುತ್ತಿದ್ದದ್ದು ಎಲ್‌ಆರ್‌ಟಿ ರೈಲು ಒಂದೇ. ಅದಕ್ಕೆ ಮೊದಲಿನಿಂದಲೂ ಚಾಲಕನಿಲ್ಲ. ಈಗ ಪ್ರಯಾಣಿಕರೂ ಇಲ್ಲವಾಗಿ ಅದು ಶುದ್ಧ ನಿಷ್ಕಾಮಕರ್ಮಿಯಾಗಿಬಿಟ್ಟಿತ್ತು. ಯಾರೂ ಇಲ್ಲದ ನಿಲ್ದಾಣದಲ್ಲಿ ನಿಂತು, ಯಾರಿಗೂ ಬೇಡದ ಬಾಗಿಲು ತೆರೆದು, ಯಾರಿಗೋ ಏನನ್ನೋ ಘೋಷಿಸಿ ಮುಂದೆ ಸಾಗುತ್ತಿತ್ತು. ಕ್ಯಾಮೆರಾ ಮುಚ್ಚಿಕೊಂಡ ವೈದ್ಯ ವಿದ್ಯಾರ್ಥಿಗಳಿಗೆ ಆನ್‌ಲೈನಿನಲ್ಲಿ ಅಂಗರಚನಾಶಾಸ್ತ್ರ ಬೋಧಿಸುತ್ತಿದ್ದ ನನಗೆ ಅದರ ಮೇಲೆ ಸಹೋದ್ಯೋಗಿಯ ಮಮತೆ ಹುಟ್ಟಿತ್ತು.

ಆ ರೈಲನ್ನು ನನಗಿಂತ ತನ್ಮಯರಾಗಿ ನೋಡುತ್ತಿದ್ದವರು ನಮ್ಮ ಅತ್ತೆ. ಹಿರಿಯ ಮಗಳು, ಅಂದರೆ ನನ್ನ ಹೆಂಡತಿ ಶೈಲಾಳ ಮನೆಯಲ್ಲಿ ಒಂದು ತಿಂಗಳಿದ್ದು ಹೋಗೋಣವೆಂದು ಧಾರವಾಡದಿಂದ ಬಂದವರು, ವಿಮಾನಗಳೆಲ್ಲ ನಿಂತುಹೋಗಿ ಇಲ್ಲೇ ಸಿಕ್ಕಿಬಿದ್ದಿದ್ದರು. ಊರಿನಲ್ಲಿ ಕಿರಿಯ ಮಗಳು ಸುಧಾ ಚೊಚ್ಚಲ ಬಸುರಿ. ಅವಳ ಬಾಣಂತನವನ್ನು ತಾವೇ ಮಾಡಬೇಕೆಂಬುದು ಅತ್ತೆಗೆ ಆಸೆಯಲ್ಲ, ಹಟವೂ ಅಲ್ಲ, ಧರ್ಮ. ದಿನಾ ಬೆಳಿಗ್ಗೆ ಸ್ನಾನ ಮುಗಿಸಿ ಸೂಟ್‌ಕೇಸ್ ಕಟ್ಟಿಕೊಂಡು ಕೂತುಬಿಡುವರು, ಸಂಜೆ ಬಿಚ್ಚುವರು. ಊಟ ಅರ್ಧವಾಯಿತು, ಮಾತು ಕಾಲಾಯಿತು, ನಮಗೆ ನಿಜಕ್ಕೂ ದಿಗಿಲಾಯಿತು.

ಇಲ್ಲಿ ನನ್ನದೊಂದು ಖಯಾಲಿಯನ್ನು ನಿಮಗೆ ನಿವೇದಿಸಿಕೊಳ್ಳಬೇಕು. ರಷ್ಯಕ್ಕೆ ಹೋಗದ, ರಷ್ಯನ್ ಬಾರದ ಉಡುಪಿಯ ಈ ಮೇಷ್ಟ್ರು ರಷ್ಯದ ರೈಲುಗಳ ಇತಿಹಾಸದಲ್ಲಿ ಸ್ವಯಂಘೋಷಿತ ಪಂಡಿತ. ಊಟಕ್ಕೆ ಕರೆದವರ ಮನೆಯಲ್ಲಿ ಸಾರು ಬರುವಷ್ಟರಲ್ಲಿ ನಾನು ಸೈಬೀರಿಯಾ ಮುಟ್ಟಿರುತ್ತೇನೆ. ಎರಡನೆಯ ಸಲ ಕರೆದವರು ಕಡಿಮೆ. ಮಾಸ್ಕೋದಿಂದ ಪೆಸಿಫಿಕ್ ತೀರದವರೆಗೆ ಒಂದು ವಾರ ಓಡುವ ಆ ರೈಲಿನ ಪ್ರತಿ ಬೋಗಿಗೂ ಒಬ್ಬ ಮೇಲ್ವಿಚಾರಕಿಯಿರುತ್ತಾಳೆ; ಚಹಾದ ಬಿಸಿನೀರು, ಹಾಸಿಗೆ, ಪ್ರಯಾಣಿಕರ ಸನ್ನಡತೆ ಎಲ್ಲವೂ ಅವಳ ಸುಪರ್ದಿಯಲ್ಲಿ. ನಿಲ್ದಾಣ ಬರುವ ಮುನ್ನ ಶೌಚಾಲಯಕ್ಕೆ ಬೀಗ ಜಡಿಯುವ ಪರಮಾಧಿಕಾರವೂ ಅವಳದೇ. ಇದನ್ನೆಲ್ಲ ಅತ್ತೆಗೆ ಬಣ್ಣಿಸಿ, ಉದ್ದನೆಯ ಪಡಸಾಲೆಗೆ ಕೋಣೆಗಳು ತೆರೆದುಕೊಳ್ಳುವ ನಮ್ಮ ಫ್ಲ್ಯಾಟು ಥೇಟ್ ಒಂದು ಬೋಗಿಯೇ ಅಲ್ಲವೇ, ನಾವೂ ಹೋಗಿಬರೋಣ ಎಂದೆ.

"ಈ ರೈಲು ಧಾರವಾಡಕ್ಕ ಹೋಗ್ತದೇನ್ರಿ ಅಳಿಯಂದ್ರ?"

"ಇಲ್ಲ ಅತ್ತೆ. ಆದರೆ ಹೊರಡ್ತದೆ."

ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. "ಹೊರಡೂದಾದ್ರ ಆತು. ಕೀಲಿಕೈ ಕೊಡ್ರಿ" ಎಂದರು.

ಹೀಗೆ ಮೇಲ್ವಿಚಾರಕಿಯ ಪಟ್ಟಾಭಿಷೇಕವಾಯಿತು. ಅಂದಿನಿಂದ ಅತ್ತೆಯ ಊಟ ಪೂರ್ತಿಯಾಯಿತು, ನಮ್ಮ ಸ್ವಾತಂತ್ರ್ಯ ಅರ್ಧವಾಯಿತು. ದೇವರ ಮನೆಯ ಗಂಟೆ ಬಾರಿಸಿದರೆ ನಿಲ್ದಾಣ ಸಮೀಪಿಸಿತೆಂದು ಅರ್ಥ. ಗಂಟೆಯ ಹಿಂದೆಯೇ ಬಚ್ಚಲಿನ ಬೀಗ.

"ಅಜ್ಜೀ, ಪ್ಲೀಸ್ ಲಾ, ಎಮರ್ಜೆನ್ಸಿ" ಎಂದು, ಇಲ್ಲಿನವರ ಮಾತಿನ ಬಾಲವಾದ 'ಲಾ' ಅಂಟಿಸಿಕೊಂಡ, ಕಾಲೇಜಿಗೆ ಹೋಗುವ ನಮ್ಮ ಮಗಳು ಅನಘಾ ಬಾಗಿಲು ತಟ್ಟಿದರೆ, "ಸ್ಟೇಷನ್ ಬಂದದ, ದಾಟಲಿ ತಡಿ" ಎಂಬ ಉತ್ತರ ಬರುತ್ತಿತ್ತು. ವಿಶಾಲವಾದ ಬೈಕಲ್ ಸರೋವರವನ್ನು ದಾಟಿದ ದಿನವನ್ನಂತೂ ನನ್ನ ಬೆನ್ನು ಈಗಲೂ ಸ್ಮರಿಸುತ್ತದೆ. ಜಪಾನಿನೊಡನೆ ಯುದ್ಧವಾದಾಗ ಅಲ್ಲಿ ಸರೋವರ ಬಳಸುವ ಹಳಿ ಇನ್ನೂ ಪೂರ್ತಿಯಾಗಿರಲಿಲ್ಲವಾಗಿ, ಹೆಪ್ಪುಗಟ್ಟಿದ ನೀರಿನ ಮೇಲೆಯೇ ಹಳಿ ಹಾಸಿ, ಎಂಜಿನ್ನಿನ ಭಾರವನ್ನು ಮಂಜುಗಡ್ಡೆ ತಾಳದೆಂದು ಕುದುರೆಗಳಿಂದ ಡಬ್ಬಿಗಳನ್ನು ಎಳೆಸಿದ್ದರು. ಇತಿಹಾಸಕ್ಕೆ ಅಪಚಾರವಾಗಬಾರದೆಂದು ನಾವು ಏಸಿಯನ್ನು ಪರಮಾವಧಿಗೆ ತಣ್ಣಗೆ ಮಾಡಿ, ಪಡಸಾಲೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಸೂಟ್‌ಕೇಸುಗಳನ್ನು ಈ ತುದಿಯಿಂದ ಆ ತುದಿಗೆ ಎಳೆದೆವು. ಕುದುರೆಯ ಪಾತ್ರಕ್ಕೆ ನನ್ನ ಆಯ್ಕೆ ಸರ್ವಾನುಮತದಿಂದ ನಡೆಯಿತು.

ಇಷ್ಟಕ್ಕೇ ನಿಂತಿದ್ದರೆ ಅನಾಹುತವಾಗುತ್ತಿರಲಿಲ್ಲ. ಆದರೆ ಪಾಂಡಿತ್ಯ ಬಾಯಿ ಮುಚ್ಚಿಕೊಂಡಿರುವ ಜಾತಿಯದಲ್ಲ ನೋಡಿ. ರಷ್ಯದಲ್ಲಿ ಇತ್ತೀಚಿನವರೆಗೂ ರೈಲು ಎಲ್ಲೇ ಇರಲಿ, ನಿಲ್ದಾಣದ ಗಡಿಯಾರ ಮಾತ್ರ ಮಾಸ್ಕೋದ ವೇಳೆಯನ್ನೇ ತೋರಿಸುತ್ತಿತ್ತು, ಪೂರ್ವತೀರದಲ್ಲಿ ಜನ ತಿಂಡಿಗೆ ಕೂತಾಗ ನಿಲ್ದಾಣದಲ್ಲಿ ಇನ್ನೂ ನಡುರಾತ್ರಿ, ಎಂದು ನಾನು ಹೇಳಿದ್ದೇ ತಡ, ಅತ್ತೆ ಸ್ಟೂಲು ಹತ್ತಿ ಅಡುಗೆಮನೆಯ ಗಡಿಯಾರವನ್ನು ಐದು ಗಂಟೆ ಹಿಂದಕ್ಕೆ ತಿರುಗಿಸಿದರು. ಫೋನುಗಳೂ ಹಿಂದಕ್ಕೆ ಹೋದವು. ಬೆಳಗಿನ ನಾಲ್ಕಕ್ಕೆ ದೋಸೆ ತಿಂದು, ಬೆಳಗಿನ ಐದಕ್ಕೆ ಶ್ವಾಸಕೋಶದ ಪಾಠ ಹೇಳುತ್ತ ನಾವು ವಾರಗಳನ್ನು ಕಳೆದೆವು. ಮೊದಲೆರಡು ದಿನ ಕಷ್ಟವಾಯಿತು, ಆಮೇಲೆ ಅಭ್ಯಾಸವಾಯಿತು.

ಆಗ ಬಂತು ಆ ಕರೆ. ಊರಿಗೆ ಹೊರಟಿದ್ದ ವಿಶೇಷ ವಿಮಾನದಲ್ಲಿ ಅತ್ತೆಗೊಂದು ಸೀಟು ಸಿಕ್ಕಿದೆಯೆಂದು ಏಜೆಂಟನೊಬ್ಬ ಫೋನು ಮಾಡಿದ. ಮಾತಾಡಿದವರು ಅತ್ತೆಯೇ. "ನಾಳೆ ಹತ್ತಕ್ಕ ಅಲ್ಲಿರಬೇಕಂತ" ಎಂದು ಕಣ್ಣೊರೆಸಿಕೊಂಡರು. ನಮ್ಮ ಮನೆಯಲ್ಲಿ ಮಾಸ್ಕೋದ್ದಲ್ಲದ ಹತ್ತು ಗಂಟೆಯೊಂದು ಇದ್ದೀತೆಂಬುದೇ ಯಾರಿಗೂ ಹೊಳೆಯಲಿಲ್ಲ. ಶೈಲಾ ದಾರಿಗೆ ಚಪಾತಿ ಮಾಡಿದಳು, ಅತ್ತೆ ಸುಧಾಳಿಗೆಂದು ತಂದಿಟ್ಟಿದ್ದ ಬಾದಾಮಿಯನ್ನು ಸೀರೆಗಳ ನಡುವೆ ಅಡಗಿಸಿಟ್ಟರು. ಮರುದಿನ ನಮ್ಮ ಎಂಟೂವರೆಗೆ, ಅಂದರೆ ಊರಿಗೆಲ್ಲ ಮಧ್ಯಾಹ್ನದ ಒಂದೂವರೆಗೆ, ನಿರುಮ್ಮಳವಾಗಿ ಕಾರು ಹತ್ತಿದೆವು.

ಹೆದ್ದಾರಿಯ ತಪಾಸಣೆಯ ಅಡ್ಡಗಟ್ಟೆಯಲ್ಲಿ ಪೊಲೀಸನೊಬ್ಬ ಟಿಕೆಟ್ಟನ್ನು ಎರಡು ಸಲ ಓದಿದ. ನನ್ನನ್ನು ನೋಡಿದ, ಆಕಾಶ ನೋಡಿದ.

"ಅಂಕಲ್, ದಿಸ್ ಫ್ಲೈಟ್ ಗಾನ್ ಅಲ್ರೆಡಿ ಲಾ" ಎಂದ.

ಕಾರು ತಿರುಗಿಸಿದೆ. ಅರ್ಧ ದಾರಿಯಲ್ಲಿ ನಾನೇ, "ಹೋಗಿದ್ದರೂ ಮೊದಲು ಬೆಂಗಳೂರಿನ ಹೋಟೆಲಿನಲ್ಲಿ ಕ್ವಾರಂಟೈನ್ ಇರಬೇಕಿತ್ತು ಅತ್ತೆ, ಸುಧಾಳನ್ನ ನೋಡಲಿಕ್ಕೆ ಬಿಡ್ತಿರಲಿಲ್ಲ" ಎಂದು ಒಣ ಸಮಾಧಾನ ಹೇಳಿದೆ.

"ಹೋಟೆಲಿನ್ಯಾಗ ಇದ್ರೂ ಅಕಿ ಇರೋ ನೆಲದ ಮ್ಯಾಲೆ ಇರ್ತಿದ್ದೆ" ಎಂದರು ಅತ್ತೆ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಮರುದಿನವೇ ಸುಧಾಳಿಗೆ ಹೆರಿಗೆಯಾಯಿತು, ಹೆಣ್ಣು ಮಗು. ಫೋನಿನ ಪರದೆಯಲ್ಲಿ ಬಟ್ಟೆಯ ಗಂಟಿನೊಳಗಿನ ಕೆಂಪು ಮುಖವನ್ನು ಅತ್ತೆ ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿದರು. "ನಿಮ್ಮ ಮಾಸ್ಕೋ ಸಾಕು ಅಳಿಯಂದ್ರ. ನನ್ನ ಮಗಳ ಮನ್ಯಾಗ ಈಗ ಎಷ್ಟು ಗಂಟಿ, ಅದನ್ನ ಇಡ್ರಿ." ಲೆಕ್ಕ ಹಾಕಿದರೆ ಧಾರವಾಡ ಮಾಸ್ಕೋಗೂ ನಮಗೂ ಸರಿಯಾಗಿ ನಟ್ಟನಡುವೆ ಇತ್ತು. ಮುಳ್ಳನ್ನು ನಡುದಾರಿಗೆ ತಂದು ನಿಲ್ಲಿಸಿದೆ.

ಆಮೇಲೆ ನಡೆದದ್ದು ಬಾಣಂತನ. ಅಲ್ಲಿ ಸುಧಾಳ ಗಂಡ ಫೋನು ಹಿಡಿದು ನಿಲ್ಲುವುದು, ಇಲ್ಲಿಂದ ಅತ್ತೆ ನೀರಿನ ಬಿಸಿ, ಎಣ್ಣೆಯ ಪ್ರಮಾಣ, ತಲೆಗೆ ಕಟ್ಟಿದ ಬಟ್ಟೆಯ ಬಿಗಿ ಎಲ್ಲವನ್ನೂ ತಿದ್ದುವುದು. ಅಲ್ಲಿ ಕೂಸಿಗೆ ಲೋಬಾನದ ಹೊಗೆ ಹಾಕುವಾಗ ಇಲ್ಲೂ ಹಾಕುವರು; ಒಂದು ದಿನ ಕಟ್ಟಡದ ಬೆಂಕಿಯ ಗಂಟೆ ಹೊಡೆದು, ಮಾಸ್ಕ್ ತೊಟ್ಟ ಸೆಕ್ಯುರಿಟಿಯವನು ನಂದಿಸುವ ಸಿಲಿಂಡರು ಹೊತ್ತು ಬಂದು, ಹೊಗೆ ಕೂಸಿಗೆಂದು ತಿಳಿದು, "ಆಂಟಿ, ಬೇಬಿ ವೇರ್?" ಎಂದು ಮನೆಯೆಲ್ಲ ಹುಡುಕಿದ. ಜೋಗುಳ ಹಾಡಿ ಮಲಗಿಸಿದ ಮೇಲೆಯೇ ಅತ್ತೆಗೆ ಊಟ. ಇಡೀ ಮನೆ ಧಾರವಾಡದ ವೇಳೆಗೆ ಉಂಡಿತು, ಮಲಗಿತು. ಮಾಸ್ಕೋದ ಗಡಿಯಾರವನ್ನು ಸಾಮ್ರಾಜ್ಯದ ತಿಕ್ಕಲುತನವೆಂದು ಎಷ್ಟು ಊಟದ ಮನೆಗಳಲ್ಲಿ ನಗಾಡಿದ್ದೆನೋ. ತಾನಿರುವಲ್ಲಿಯ ಹೊತ್ತನ್ನು ಬಿಟ್ಟು ತನಗೆ ಬೇಕಾದವರಿರುವಲ್ಲಿಯ ಹೊತ್ತಿಗೆ ಬದುಕುವುದು ಹುಚ್ಚೇ ಇರಬಹುದು, ಆದರೆ ಅಂಥ ಹುಚ್ಚನ್ನು ನೋಡಿ ನಗುವುದು ನನ್ನಿಂದ ಆಮೇಲೆ ಆಗಲಿಲ್ಲ.

ತಿಂಗಳುಗಳಾದ ಮೇಲೆ ಇನ್ನೊಂದು ವಿಮಾನ ಸಿಕ್ಕಿತು. ಈ ಸಲ ಹೊರಡುವ ವೇಳೆಯನ್ನು ಮನೆಯವರೆಲ್ಲ ಪ್ರತ್ಯೇಕವಾಗಿ ವಿಚಾರಿಸಿದೆವು. ಕ್ವಾರಂಟೈನ್ ಮುಗಿಸಿ ಧಾರವಾಡ ಮುಟ್ಟಿದ ದಿನ ಅತ್ತೆ ಫೋನು ಮಾಡಿದರು. ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯಲಿಲ್ಲ.

"ನಾ 'ಏ ಬಂಗಾರಾ' ಅಂದೆ. ನನ್ನ ದನಿ ಕೇಳಿದ್ದೇ ತಡ, ಕೂಸು ನಕ್ಕೋತ ಹೊಳ್ಳಿ ಫೋನಿನ ಕಡೆ ನೋಡ್ತು. ನಾ ಮುಂದ ಕೂತೀನಿ, ಅದು ಫೋನಿನ್ಯಾಗ ನನ್ನ ಹುಡುಕಲಿಕತ್ತದ."

"ಈಗ?" ಎಂದಳು ಶೈಲಾ.

"ಈಗ ನನ್ನ ತೊಡಿ ಮ್ಯಾಲೆ ಮಲಗ್ಯದ. ಸಣ್ಣಗ ಮಾತಾಡ್ರಿ" ಎಂದು, ನಾವು ಮಾತಾಡುವ ಮೊದಲೇ ಫೋನು ಇಟ್ಟುಬಿಟ್ಟರು.