ಪಾಯಿಂಟ್ ಇಲ್ಲದ ಕಾರ್ಡು

ತುಮಕೂರಿನ ನರ್ಸಿಂಗ್ ಕಾಲೇಜೊಂದರಲ್ಲಿ ನಾನು ಪಾಠ ಮಾಡುತ್ತೇನೆ. ಊಟವಾದ ಮೇಲಿನ ತರಗತಿಯಲ್ಲಿ ಹುಡುಗಿಯರು ತೂಕಡಿಸುವುದನ್ನು ನೋಡಿ ನೋಡಿ ಸಾಕಾಗಿ ಒಂದು ಆಟ ಕಟ್ಟಿದೆ. ರಟ್ಟಿನ ಕಾರ್ಡುಗಳ ಮೇಲೆ ರೋಗಿಯ ಸ್ಥಿತಿ ಬರೆದಿರುತ್ತಿದ್ದೆ: ಉಸಿರು ಸಾಲುತ್ತಿಲ್ಲ, ತುಟಿ ನೀಲಿಯಾಗಿದೆ, ಬಾಣಂತಿಗೆ ರಕ್ತ ನಿಲ್ಲುತ್ತಿಲ್ಲ. ಗುಂಪಿನವರು ಒಂದು ಕಾರ್ಡು ಎತ್ತಿ, ಮಂಚದ ಮೇಲಿನ ರಬ್ಬರ್ ಗೊಂಬೆಗೆ ಆರೈಕೆ ಮಾಡಬೇಕು. ಕೈ ತೊಳೆಯದೆ ಮುಟ್ಟಿದರೆ ಪಾಯಿಂಟ್ ಕಟ್. ಡಾಕ್ಟರನ್ನು ಕರೆಯಲು ತಡಮಾಡಿದರೂ ಕಟ್. ಎಲ್ಲವನ್ನೂ ಸರಿಯಾಗಿ ಮಾಡಿದರೆ ನಾನು ಸೀಟಿ ಊದಿ, "ಪೇಷೆಂಟ್ ಬದುಕಿದ್ರು!" ಎಂದು ಕೂಗುತ್ತಿದ್ದೆ. ಕ್ಲಾಸಿಗೆ ಕ್ಲಾಸೇ ಚಪ್ಪಾಳೆ ಹೊಡೆಯುತ್ತಿತ್ತು.

ಆ ಆಟದಲ್ಲಿ ಎಲ್ಲರನ್ನೂ ಮೀರಿಸಿದವಳು ಚೇಳೂರಿನ ಕಡೆಯ ಒಬ್ಬ ಹುಡುಗಿ. ಪ್ರಶ್ನೆ ಕೇಳಿದರೆ ತಲೆ ತಗ್ಗಿಸುತ್ತಿದ್ದವಳು ಗೊಂಬೆಯ ಮುಂದೆ ನಿಂತರೆ ಬೇರೆಯೇ ಆಗಿಬಿಡುತ್ತಿದ್ದಳು. ಒಂದು ಹೆಜ್ಜೆಯನ್ನೂ ಮರೆಯುತ್ತಿರಲಿಲ್ಲ. ಅವಳ ಗುಂಪಿಗೆ ಸೇರಲು ಉಳಿದವರು ಜಗಳವಾಡುತ್ತಿದ್ದರು.

ಮುಂದೆ ಆ ಬ್ಯಾಚಿಗೆ ಕುಣಿಗಲ್ ಕಡೆಯ ಆಸ್ಪತ್ರೆಯೊಂದರ ಹೆಂಗಸರ ವಾರ್ಡಿನಲ್ಲಿ ತರಬೇತಿಯ ಪೋಸ್ಟಿಂಗ್ ಬಿತ್ತು. ಅಲ್ಲಿ ಹೃದಯ ಸೋತು ಕಾಲು ಊದಿಕೊಂಡಿದ್ದ ಒಬ್ಬ ಹೆಂಗಸು ಈ ಹುಡುಗಿಯನ್ನು ತುಂಬ ಹಚ್ಚಿಕೊಂಡರು. ತಲೆ ಬಾಚುವುದಕ್ಕೂ ಅವಳೇ ಬೇಕು, ಗಂಜಿ ಕುಡಿಸುವುದಕ್ಕೂ ಅವಳೇ ಬೇಕು. "ನಿನ್ ಕೈ ತಣ್ಗೈತೆ ಕಣವ್ವ, ಹಂಗೇ ಹಣೆ ಮ್ಯಾಲೆ ಇಡು" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಅವರ ಗಂಡ ಫ್ಲಾಸ್ಕ್ ಹಿಡಿದು ಕಾಫಿ ತರಲು ಹೊರಗೆ ಹೋಗಿದ್ದರು. ಆಗ ಆಕೆಯ ಉಸಿರು ಕೆಟ್ಟಿತು. ಅದನ್ನು ಮೊದಲು ಕಂಡವಳು ನಮ್ಮ ಹುಡುಗಿಯೇ. ಮಂಚದ ತಲೆಭಾಗ ಎತ್ತಿದಳು, ಸಿಸ್ಟರನ್ನು ಕೂಗಿದಳು, ಆಕ್ಸಿಜನ್ ಮಾಸ್ಕ್ ಹಾಕಲು ಕೈಜೋಡಿಸಿದಳು. ಡಾಕ್ಟರ್ ಓಡಿ ಬಂದರು. ನಾನು ಪಕ್ಕದಲ್ಲೇ ಇದ್ದೆ. ಯಾರೂ ಎಲ್ಲೂ ಎಡವಲಿಲ್ಲ. ಆದರೂ ಆಕೆ ಉಳಿಯಲಿಲ್ಲ.

ಗಂಡ ಫ್ಲಾಸ್ಕ್ ಹಿಡಿದು ಬಾಗಿಲಿಗೆ ಬಂದರು. ಎದುರಿಗೆ ಸಿಕ್ಕವಳು ನಮ್ಮ ಹುಡುಗಿ. "ಎಂಗವ್ಳೆ ಮಗಾ?" ಎಂದು ಕೇಳಿದರು. ಅವಳ ಬಾಯಿ ತೆರೆಯಿತು, ಮಾತು ಹೊರಡಲಿಲ್ಲ. ಅವರನ್ನು ಬೆಂಚಿನ ಮೇಲೆ ಕೂರಿಸಿ ಹೇಳಿದವಳು ನಾನು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನ್ನ ಪಕ್ಕ ಬಂದು ಕೂತಳು.

"ಮೇಡಂ, ನಾವು ಯಾವ್ದನ್ನ ಬಿಟ್ವಿ?"

"ಏನೂ ಬಿಡ್ಲಿಲ್ಲ ಕಣಮ್ಮ. ಎಲ್ಲಾ ಸರಿಯಾಗೇ ಮಾಡ್ದೆ ನೀನು."

"ಮತ್ತೆ ಯಾಕ್ ಹೋದ್ರು?"

ಹೃದಯ ಎಷ್ಟು ಸೋತಿತ್ತೆಂದು ವಿವರಿಸಿದೆ. ಅವಳು ತಲೆಯಾಡಿಸಿದಳು. ಅವಳಿಗೆ ಬೇಕಾಗಿದ್ದು ಅದಲ್ಲ ಎಂದು ನನಗೂ ಗೊತ್ತಿತ್ತು.

ಸ್ವಲ್ಪ ದಿನಕ್ಕೆ ಅವಳು ಹಾಸ್ಟೆಲ್ ಬಿಟ್ಟು ಊರಿಗೆ ಹೋದವಳು ಮರಳಲಿಲ್ಲ. ಫೋನ್ ಎತ್ತಲಿಲ್ಲ. ನನ್ನ ಮನೆ ಇರುವುದು ಗುಬ್ಬಿಯಲ್ಲಿ. ಒಂದು ಭಾನುವಾರ ಚೇಳೂರು ಬಸ್ಸು ಹತ್ತಿ ಹೋದೆ. ಅವಳ ತಾಯಿ ಅಂಗಳದಲ್ಲಿ ರಾಗಿ ಕೇರುತ್ತಿದ್ದರು. ನನ್ನನ್ನು ಕೂರಿಸಿ, ದನಿ ತಗ್ಗಿಸಿ ಹೇಳಿದರು: "ಯಾರ ಕೈ ಹಿಡುದ್ರೂ ನಾಡಿ ಹುಡುಕ್ತಾಳೆ ಮಿಸ್ಸು. ಅವ್ರ ತಾತ ಮಲ್ಗಿದ್ರೆ ಉಸ್ರು ಐತಾ ಅಂತ ಮೂಗಿನ ಹತ್ರ ಕೈ ಇಡ್ತಾಳೆ. ಓದು ಸಾಕು, ಬುಡಿ."

ಹುಡುಗಿ ಹೊಸ್ತಿಲ ಬಳಿ ನಿಂತಿದ್ದಳು. ನಾನು ಬೇರೇನೂ ತೋಚದೆ, "ಆಟಕ್ಕೆ ಹೊಸ ಕಾರ್ಡ್ ಸೇರಿಸ್ತೀನಿ. ಎಲ್ಲಾ ಸರಿ ಮಾಡಿದ್ರೂ ಉಳೀದೇ ಇರೋ ಪೇಷೆಂಟ್‌ದು" ಎಂದೆ.

"ಅದಕ್ಕೆ ಎಷ್ಟು ಪಾಯಿಂಟ್ ಕೊಡ್ತೀರಾ ಮೇಡಂ?"

ಅವಳ ದನಿಯಲ್ಲಿ ಕೊಂಕಿರಲಿಲ್ಲ. ನಿಜವಾಗಿಯೇ ಕೇಳಿದ್ದಳು. ಕಾಫಿ ಕುಡಿದು ಎದ್ದು ಬಂದೆ.

ಆ ಕಾರ್ಡು ಮಾಡಿದೆ. ಅದಕ್ಕೆ ಪಾಯಿಂಟ್ ಇಲ್ಲ, ಸೀಟಿಯೂ ಇಲ್ಲ. ಅದು ಬಂದಾಗ ಒಬ್ಬಳು ರೋಗಿಯ ಮನೆಯವರಾಗಿ ಬಾಗಿಲಲ್ಲಿ ನಿಲ್ಲುತ್ತಾಳೆ, ಇನ್ನೊಬ್ಬಳು ಹೋಗಿ ಸಾವಿನ ಸುದ್ದಿ ಹೇಳಬೇಕು. ಕೆಲವರು ದಿಗಿಲಿಗೆ ನಕ್ಕುಬಿಡುತ್ತಾರೆ. ಕೆಲವರು ಇಂಗ್ಲಿಷಿನ ಹಿಂದೆ ಅವಿತುಕೊಳ್ಳುತ್ತಾರೆ. ಒಬ್ಬಳು ಮಾತ್ರ ಎದುರಿನವಳ ಕೈ ಹಿಡಿದು ಕೂತಿದ್ದಳು. ಆವತ್ತು ಕ್ಲಾಸು ಬೇಗ ಬಿಟ್ಟೆ. ಅದನ್ನು ಆಟ ಎನ್ನಲು ಈಗ ನನಗೇ ಬಾಯಿ ಬರುವುದಿಲ್ಲ.

ಹೋದ ವರ್ಷ ಗುಬ್ಬಿ ಬಸ್ ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ಹಿರೇಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಕೆಲಸವಂತೆ. ಸೊರಗಿದ್ದಳು. ಅದೂ ಇದೂ ಮಾತಾಡಿದ ಮೇಲೆ, "ಆ ಫ್ಲಾಸ್ಕ್ ಹಿಡ್ಕೊಂಡು ಬಂದಿದ್ದ ಯಜಮಾನ್ರು ಆಮೇಲೆ ಎಲ್ಲಾದ್ರೂ ಸಿಕ್ಕಿದ್ರಾ?" ಎಂದಳು.

"ಇಲ್ಲ ಕಣಮ್ಮ."

"ಅವ್ರ ಊರಿಗೆ ಹೋಗಿದ್ದೆ ಮೇಡಂ. ನಾನೇ ಹೇಳ್ಬೇಕಿತ್ತು ಅನ್ನಿಸ್ತು. ಮನೆಗೆ ಬೀಗ ಹಾಕಿತ್ತು. ಎಲ್ಲಿಗೆ ಹೋದ್ರೋ ಪಕ್ಕದ ಮನೆಯೋರ್ಗೂ ಗೊತ್ತಿಲ್ಲ."

ತುಮಕೂರಿನ ಬಸ್ಸು ಬಂತು. ಇಬ್ಬರೂ ಹತ್ತಿದೆವು. ಸೀಟು ಬೇರೆ ಬೇರೆ ಕಡೆ ಸಿಕ್ಕಿತು. ಕಾಲೇಜಿನ ಸ್ಟಾಪಿನಲ್ಲಿ ನಾನು ಇಳಿಯುವಾಗ ತಿರುಗಿ ನೋಡಿದೆ. ಅವಳು ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಿದ್ದಳು.