ಲವಂಗದ ಹಾರದ ಚಿಗವ್ವ

ಮೊದಲು ನೆನಪಾಗುವುದು ಆಕೆಯ ಬಲಗೈ ಹೆಬ್ಬೆರಳು. ಉಗುರೆಲ್ಲ ಕಂದು ಬಣ್ಣಕ್ಕೆ ತಿರುಗಿತ್ತು. ಸೂಜಿಯ ಹಿಂಬದಿ ಒತ್ತಿ ಒತ್ತಿ ಬೆರಳ ತುದಿಯಲ್ಲಿ ಸಣ್ಣದೊಂದು ಗುಂಡಿ ಬಿದ್ದಿತ್ತು. ಆ ಕೈಯಿಂದ ಗಲ್ಲ ಹಿಂಡಿಸಿಕೊಂಡು ಶಾಲೆಗೆ ಹೋದರೆ ಪಕ್ಕದಲ್ಲಿ ಕೂತ ಹುಡುಗಿ, "ಹಲ್ಲ ಬ್ಯಾನಿ ಐತೇನ ನಿನಗ?" ಎಂದು ಕೇಳುತ್ತಿದ್ದಳು. ಅಷ್ಟು ಲವಂಗದ ವಾಸನೆ. ಬೆಟಗೇರಿಯ ನಮ್ಮ ಓಣಿಯ ಮಕ್ಕಳೆಲ್ಲ ಆ ವಾಸನೆಯಲ್ಲೇ ಬೆಳೆದವರು.

ಆಕೆ ನಮಗೆ ಸಂಬಂಧಿಕಳಲ್ಲ, ಗೋಡೆಗೆ ಗೋಡೆ ಹಚ್ಚಿದ ಮನೆಯವಳು. ನಾನು ಚಿಗವ್ವ ಎಂದು ಕರೆದೆ, ನನ್ನನ್ನು ನೋಡಿ ಓಣಿಯೂ ಹಾಗೇ ಕರೆಯಿತು ಎಂದು ಈಗಲೂ ಜಂಬ ಕೊಚ್ಚಿಕೊಳ್ಳುತ್ತೇನೆ. ತವರು ಲಕ್ಷ್ಮೇಶ್ವರ. ಗಂಡ ಕೈಮಗ್ಗದಲ್ಲಿ ಸೀರೆ ನೇಯುವವನು, ಮಾತು ಕಡಿಮೆ, ನಶ್ಯ ಹೆಚ್ಚು. ಆಕೆಯ ಕಸುಬು ಲವಂಗದ ಹಾರ. ನಮ್ಮ ಸುತ್ತಿನ ಕೆಲವು ಮನೆತನಗಳಲ್ಲಿ ಮದುಮಗಳ ಕೊರಳಿಗೆ ಹೂವಿನ ಹಾರದ ಜೊತೆ ಲವಂಗದ ಹಾರವೂ ಬೇಕು. ಮದುವೆ ಮುಗಿದ ಮೇಲೆ ಅದನ್ನು ಸೀರೆಯ ಮಡಿಕೆಯಲ್ಲಿಟ್ಟು ಟ್ರಂಕಿಗೆ ಹಾಕುತ್ತಾರೆ. ಸೀರೆಗೆ ಹುಳ ಹತ್ತುವುದಿಲ್ಲ, ಟ್ರಂಕು ತೆರೆದಾಗಲೆಲ್ಲ ಮದುವೆಯ ದಿನ ಮೂಗಿಗೆ ಬಡಿಯುತ್ತದೆ.

ಲವಂಗವೆಂದರೆ ಅರಳುವ ಮೊದಲೇ ಕಿತ್ತು ಒಣಗಿಸಿದ ಮೊಗ್ಗು. ಒಣಗಿದ್ದನ್ನು ಹಾಗೇ ಚುಚ್ಚಿದರೆ ಸೀಳಿಹೋಗುತ್ತದೆ. ಚಿಗವ್ವ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಹದಕ್ಕೆ ಬಂದ ಮೇಲೆ ಮಗ್ಗದಲ್ಲಿ ಉಳಿದ ರೇಷ್ಮೆ ಎಳೆಗೆ ಪೋಣಿಸುತ್ತಿದ್ದಳು. ನಡುನಡುವೆ ಜರಿಯ ಗೊಂಡೆ. ತುದಿಯ ಗುಂಡು ಉದುರಿದ ಲವಂಗ ಸಿಕ್ಕರೆ, "ತಲಿ ಇಲ್ಲದ್ದು ಚಾಕ್ಕ ಸಾಕು, ಮದುಮಗಳಿಗೆ ಬ್ಯಾಡ" ಎಂದು ಬದಿಗೆ ಸರಿಸುವಳು. ಹೀಗಾಗಿ ಆಕೆಯ ಮನೆಯ ಚಹಾಕ್ಕೆ ಓಣಿಯಲ್ಲೇ ಹೆಸರಿತ್ತು.

ಆದರೆ ಆಕೆಗೆ ಕೈಗಿಂತ ಮೂಗಿನ ಮೇಲೆ ಹೆಮ್ಮೆ ಹೆಚ್ಚು. ಎಣ್ಣೆ ತೆಗೆದ ಲವಂಗವನ್ನೂ ಒಳ್ಳೆಯದರ ಜೊತೆ ಬೆರೆಸಿ ಮಾರುವವರಿದ್ದಾರೆ. ನೋಡಲು ದಪ್ಪಗೆ ಚಂದವೇ ಇರುತ್ತದೆ, ಒಳಗೆ ಸತ್ವವಿಲ್ಲ. ನೀರಿಗೆ ಹಾಕಿದರೆ ಅಂಥದ್ದು ಅಡ್ಡ ಮಲಗಿ ತೇಲುತ್ತದೆ, ಒಳ್ಳೆಯದು ಮುಳುಗುತ್ತದೆ ಅಥವಾ ನೆಟ್ಟಗೆ ನಿಲ್ಲುತ್ತದೆ. ಚಿಗವ್ವನಿಗೆ ಈ ಪರೀಕ್ಷೆ ಎಂದರೆ ತಾತ್ಸಾರ. "ಮೂಗ ಇದ್ದಾಕಿಗೆ ನೀರ ಯಾಕವಾ?" ಎಂದು ಬೊಗಸೆ ತುಂಬ ಲವಂಗ ಎತ್ತಿ ಮೂಸಿ, ಅಲ್ಲೇ ತೀರ್ಪು ಕೊಟ್ಟುಬಿಡುವಳು. ನಾನು ನಾಗಾವಿ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಸಂಜೆ ಬಸ್ಸಿಳಿದು ಆಕೆಯ ಬಾಗಿಲು ದಾಟಿದರೆ ಸಾಕು, ಒಳಗಿಂದಲೇ ಕೂಗು ಬರುತ್ತಿತ್ತು: "ಅಕ್ಕೋರು ಇವತ್ತ ನೀಲಗಿರಿ ಗಿಡದ ಬುಡಕ್ಕ ಕುಂತು ಬುತ್ತಿ ಉಂಡಾರ!" ಅದು ಸುಳ್ಳಾಗಿದ್ದು ನನಗೆ ನೆನಪಿಲ್ಲ.

ಒಂದು ಭಾನುವಾರ ಆಕೆಯ ಹಿತ್ತಲ ಪೇರಲ ಎಲೆಯನ್ನು ಬಿಸಿಲಿಗೆ ಹಿಡಿದು, ಅದರೊಳಗಿನ ಸಣ್ಣ ಚುಕ್ಕೆಗಳನ್ನು ತೋರಿಸಿದೆ. ಅವು ಎಣ್ಣೆಯ ಚೀಲಗಳು, ವಾಸನೆ ಬರುವುದು ಅಲ್ಲಿಂದ ಎಂದೆ. ಆಕೆ ಕಣ್ಣು ಕಿರಿದು ಮಾಡಿ ನೋಡಿ, "ಯವ್ವಾ, ದೇವರೂ ಸೂಜಿ ತಗೊಂಡು ಚುಚ್ಚಿಕೋತ ಕುಂತಿದ್ದ ಅಂತೀನಿ" ಎಂದಳು. ಪೇರಲ, ನೇರಳೆ, ನೀಲಗಿರಿ, ಲವಂಗ ಎಲ್ಲ ಒಂದೇ ಕುಟುಂಬದವು ಎಂದು ನಾನು ಪಾಠ ಮುಂದುವರಿಸಿದೆ. ಆ ಕುಟುಂಬಕ್ಕೆ ಹೆಸರು ಬಂದದ್ದು ಮರ್ಟಲ್ ಎಂಬ ಪೊದೆಯಿಂದ. ಅದಕ್ಕೆ ಬಿಳಿ ಹೂವು, ಸುವಾಸನೆಯ ಎಲೆ. ಯುರೋಪಿನ ಕೆಲವು ಕಡೆ ಮದುಮಗಳ ತಲೆಗೆ ಅದರದ್ದೇ ದಂಡೆ ಮುಡಿಸುತ್ತಾರೆ, ಹಳೆಯ ಚಿತ್ರಗಳಲ್ಲಿ ಅವರ ಪ್ರೇಮದೇವತೆಯ ಪಕ್ಕದಲ್ಲೂ ಅದನ್ನೇ ಬರೆದಿದ್ದಾರೆ ಎಂದೆ. ಚಿಗವ್ವ ಸೂಜಿ ಕೆಳಗಿಟ್ಟಳು.

"ಹಂಗಾರ ಅಲ್ಲೀ ಮದುಮಗಳಿಗೂ ನಮ್ಮ ಲವಂಗದ ಬೀಗರ ಮನೀದ ಅನ್ನು!"

ಅಂದಿನಿಂದ ಆ ಗಿಡಗಳೆಲ್ಲ ಆಕೆಗೆ ಬೀಗರು. ಮುಂಗಾರಿಗೆ ಕಪ್ಪತಗುಡ್ಡದ ಕಡೆಯಿಂದ ನೇರಳೆ ಬುಟ್ಟಿ ಬಂದರೆ, "ಬೀಗರು ಬಂದ್ರು, ಕುಂಡ್ರಸ್ರಿ" ಎನ್ನುವಳು. ಪೂಜೆಯಲ್ಲಿ ಭಟ್ಟರು ಜಂಬೂದ್ವೀಪ ಎನ್ನುತ್ತಾರಲ್ಲ, ಆ ಜಂಬೂ ಅಂದರೆ ನೇರಳೆ ಎಂದು ಹೇಳಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಂದ್ರ ನಾವೆಲ್ಲಾ ಬೀಗರ ಮನ್ಯಾಗ ಬಾಡಿಗಿಗೆ ಅದೇವಿ!" ಇನ್ನೊಂದು ಸಲ ಲಕ್ಷ್ಮೇಶ್ವರದ ಗುಡಿಗೆ ನನ್ನನ್ನು ಕರೆದೊಯ್ದು, ಬಾಗಿಲ ಪಟ್ಟಿಕೆಯಲ್ಲಿ ಸಾಲಾಗಿ ಕೆತ್ತಿದ ಮೊಗ್ಗುಗಳನ್ನು ತೋರಿಸಿ ಅವು ಲವಂಗವೇ ಎಂದು ಹಟ ಹಿಡಿದಳು. ಅದಕ್ಕೆ ಆಧಾರವಿಲ್ಲ ಎಂದೆ. ಆಕೆ ಹಾರ ಕಟ್ಟುವ ಕ್ರಮ ಕಲಿತದ್ದು ಆ ಸಾಲನ್ನು ನೋಡಿಯಂತೆ, ಅದಕ್ಕಿಂತ ಆಧಾರ ಬೇಕಾದರೆ ನೀನೇ ಹುಡುಕು ಎಂದು ನನ್ನ ಬಾಯಿ ಮುಚ್ಚಿಸಿದಳು.

ಆಮೇಲೆ ಕೊರೊನಾ ಬಂತು. ನಮ್ಮ ಓಣಿಯಲ್ಲಿ ಬಹಳ ಜನ ಮಲಗಿದರು, ಚಿಗವ್ವನೂ ಮಲಗಿ ಎದ್ದಳು. ಮದುವೆಗಳು ನಿಂತುಹೋಗಿದ್ದರಿಂದ ಹಾರದ ಕೆಲಸವೂ ನಿಂತಿತ್ತು. ಆಕೆ ಸ್ವಲ್ಪ ಸೊರಗಿದ್ದಾಳೆ ಎಂದುಕೊಂಡೆವೇ ಹೊರತು ಬೇರೇನೂ ಹೊಳೆಯಲಿಲ್ಲ. ಹಾಲು ಹೊತ್ತಿ ಪಾತ್ರೆ ಕರಕಾದರೂ ಎದುರಿಗೇ ಕೂತಿರುತ್ತಿದ್ದಳು. ನಾನು ಬಾಗಿಲು ದಾಟಿದರೆ ಕೂಗುತ್ತಿರಲಿಲ್ಲ. ವಯಸ್ಸಾಯಿತು ಎಂದು ನಾವೇ ಸಮಾಧಾನ ಮಾಡಿಕೊಂಡೆವು.

ಮದುವೆಗಳು ಮತ್ತೆ ಶುರುವಾದ ಮೇಲೆ ಮುಂಡರಗಿಯಿಂದ ಒಂದು ಹಾರ ಹೇಳಿ ಹೋದರು. ಆಕೆ ಯಾವಾಗಲೂ ಲವಂಗ ತರುತ್ತಿದ್ದ ಅಂಗಡಿ ಅಷ್ಟರಲ್ಲಿ ಮುಚ್ಚಿತ್ತು, ಬೇರೆ ಕಡೆಯಿಂದ ತಂದಿದ್ದಳು. ಒಯ್ಯಲು ಬರುವ ದಿನ ಸಂಜೆ ನಾನು ಹೋದಾಗ ಹಾರ ಮಣೆಯ ಮೇಲೆ ಸಿದ್ಧವಾಗಿತ್ತು. ಅಷ್ಟು ಚಂದದ ಹಾರ ಆಕೆಯ ಕೈಯಿಂದ ಬಂದದ್ದನ್ನು ನಾನು ನೋಡಿರಲಿಲ್ಲ. ಲವಂಗವೆಲ್ಲ ಒಂದೇ ಅಳತೆ, ಒಂದೇ ಬಣ್ಣ. ಗಂಡ ಮೂಲೆಯಲ್ಲಿ ನಶ್ಯ ಏರಿಸುತ್ತ ತೃಪ್ತಿಯಿಂದ ನೋಡುತ್ತಿದ್ದ.

"ಹೆಂಗ ಆಗೇತಿ ಹೇಳ" ಎಂದಳು.

ಹಾರ ಕಟ್ಟುವ ದಿನ ಆ ಮನೆಯ ವಾಸನೆ ಬೀದಿಯ ತಿರುವಿಗೇ ಸಿಗಬೇಕು. ಇವತ್ತು ಹಾರದ ಎದುರಿಗೆ ಕೂತರೂ ಏನೂ ಇಲ್ಲ. ಬಾಗಿ ಮೂಸಿದೆ. ಒದ್ದೆ ಕಟ್ಟಿಗೆಯ ವಾಸನೆ ಬಂತು, ಅಷ್ಟೇ. ಚಂದ ಆಗಿದೆ ಎಂದು ಹೇಳಿ ಎದ್ದು ಬಂದುಬಿಡೋಣ ಅನಿಸಿತು. ಆದರೆ ಮುಂಡರಗಿಯವರು ಬಂದು ಮೂಸಿ ನೋಡಿದರೆ ಆಕೆಯ ಮರ್ಯಾದೆ ಅವರ ಎದುರಿಗೆ ಹೋಗುತ್ತದೆ. ಹೋಗುವುದಾದರೆ ನನ್ನೊಬ್ಬಳ ಎದುರಿಗೆ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿದೆ.

"ಚಿಗವ್ವಾ, ಇದಕ್ಕ ವಾಸನಿ ಇಲ್ಲ."

"ನಿನಗ ನೆಗಡಿ ಆಗೇತಿ."

"ನೆಗಡಿ ಇಲ್ಲ ಚಿಗವ್ವಾ. ವಾಸನಿ ಖರೇನ ಇಲ್ಲ."

ಆಕೆಯ ಮುಖ ಕೆಂಪಾಯಿತು. ಎರಡು ಅಕ್ಷರ ಕಲಿತ ಕೂಡಲೇ ಎಲ್ಲದಕ್ಕೂ ತಪ್ಪು ಹಿಡಿಯುವ ಚಟ ಎಂದು ಬೈದಳು. ಬೈಯುತ್ತಲೇ ಹಾರವನ್ನು ಮೂಗಿಗೆ ಒತ್ತಿಕೊಂಡಳು. ಮಾತು ಅಲ್ಲೇ ನಿಂತಿತು. ಹಾರವನ್ನು ಮಣೆಯ ಮೇಲಿಟ್ಟು, "ನನಗ ಏನೂ ಬರವಲ್ದವಾ. ಜ್ವರ ಬಂದಾಗಿಂದ ಬರವಲ್ದು. ಯಾರಿಗೂ ಹೇಳಿಲ್ಲ" ಎಂದಳು. ಗಂಡ ನಶ್ಯದ ಡಬ್ಬಿ ಹಿಡಿದು ಕೂತಲ್ಲೇ ಕೂತಿದ್ದ. ಅವನಿಗೂ ಅದು ಅವತ್ತೇ ಗೊತ್ತಾಗಿದ್ದು.

ಅತ್ತದ್ದು ನಾನು, ಆಕೆಯಲ್ಲ. ಆಕೆ ಹಾರದ ಒಂದು ಲವಂಗ ಕಿತ್ತು ಕಚ್ಚಿದಳು. "ಕಟಗಿ ತಿಂದಂಗ ಆತು." ಎದ್ದು ಒಳಗೆ ಹೋಗಿ ಮಸಾಲೆ ಡಬ್ಬಿಯಲ್ಲಿದ್ದ ಹಳೆಯ ಲವಂಗವೊಂದನ್ನು ಬಾಯಿಗೆ ಹಾಕಿಕೊಂಡು ಬಂದು ಕೂತಳು. ಕೂತವಳು ಸ್ವಲ್ಪ ಹೊತ್ತಿನಲ್ಲೇ ನೆಟ್ಟಗಾದಳು. ವಾಸನೆ ಬರಲಿಲ್ಲ, ಆದರೆ ನಾಲಗೆಯ ತುದಿ ಜೋಮು ಹಿಡಿದಿತ್ತು.

"ಮೂಗ ಹೋಗೇತಿ, ನಾಲಗಿ ಇನ್ನೂ ಐತಿ" ಎಂದಳು. ಜೋಮಿನಿಂದಾಗಿ ಮಾತು ತೊದಲುತ್ತಿತ್ತು.

ಮುಂಡರಗಿಯಿಂದ ಮದುಮಗಳ ತಾಯಿ ತಮ್ಮನನ್ನು ಕರೆದುಕೊಂಡು ಬಂದಳು. ಚಿಗವ್ವ ಚಹಾ ಕೊಟ್ಟು, ಹಾರ ತೋರಿಸಿ, ನೇರವಾಗಿ ಹೇಳಿದಳು: "ನೋಡಾಕ ಚಂದ ಐತಿ, ಒಳಗ ಏನೂ ಇಲ್ಲ. ನನ್ನ ಮೂಗ ಹೋಗೇತಿ, ಅದಕ್ಕ ಮೋಸ ಹೋದೆ. ಇದನ್ನ ನಾ ಕೊಡಂಗಿಲ್ರಿ."

"ಅಯ್ಯ, ಮದುವಿ ನಾಡದ ಐತ್ರಿ! ಫೋಟೋದಾಗ ವಾಸನಿ ಬರ್ತೈತೇನು? ಹಂಗ ಕೊಟ್ಟಬಿಡ್ರಿ" ಎಂದಳು ಆ ತಾಯಿ. ಅವಳದೂ ತಪ್ಪಲ್ಲ, ಮದುವೆ ಮನೆಯ ಗಡಿಬಿಡಿ.

"ಫೋಟೋ ಟ್ರಂಕಿನ್ಯಾಗ ಇಡೂದಿಲ್ರಿ, ಹಾರ ಇಡತಾರ. ನಾಳಿ ಸಂಜಿಕ ನಿಮ್ಮ ತಮ್ಮಗ ಕಳಸ್ರಿ" ಎಂದು ಚಿಗವ್ವ ಮಾತು ಮುಗಿಸಿದಳು.

ಮರುದಿನ ಬೆಳಿಗ್ಗೆ ನಾನು ಶಾಲೆಗೆ ರಜೆ ಹಾಕಿ ಆಕೆಯ ಜೊತೆ ಲವಂಗ ಕೇಳಲು ಓಣಿಯ ಮನೆಮನೆಗೂ ಹೋದೆ. ತನಗೆ ವಾಸನೆ ಗೊತ್ತಾಗುವುದಿಲ್ಲ ಎಂದು ಪ್ರತಿ ಬಾಗಿಲಲ್ಲೂ ಆಕೆಯೇ ಹೇಳಿದಳು. ಇಷ್ಟು ದಿನ ಮುಚ್ಚಿಟ್ಟದ್ದನ್ನು ಹೀಗೆ ಬಾಗಿಲಿಗೊಮ್ಮೆ ಬಿಚ್ಚಿಡುವುದು ಎಷ್ಟು ಕಷ್ಟವೆಂದು ಪಕ್ಕದಲ್ಲಿ ನಿಂತ ನನಗೆ ಗೊತ್ತು. ಯಾರೂ ಆಡಿಕೊಳ್ಳಲಿಲ್ಲ. ಎಲ್ಲರೂ ಮಸಾಲೆ ಡಬ್ಬಿ ತಂದು ಬೋರಲು ಹಾಕಿದರು. ಆಕೆ ಮನೆಗೊಂದರಂತೆ ಕಚ್ಚಿ ನೋಡಿ, ಜೋಮು ಹಿಡಿಸಿದ್ದನ್ನು ಇಟ್ಟುಕೊಂಡು ಉಳಿದದ್ದನ್ನು ವಾಪಸು ಕೊಟ್ಟಳು. ಮಧ್ಯಾಹ್ನದ ಹೊತ್ತಿಗೆ ಆಕೆಯ ಮಾತು ಯಾರಿಗೂ ತಿಳಿಯದಂತಾಗಿ, ಕೈಸನ್ನೆಯಲ್ಲೇ ನನ್ನಿಂದ ನೀರು ಕೇಳಿ ಕುಡಿದಳು. ಅವಳೂ ನಕ್ಕಳು, ನಾವೂ ನಕ್ಕೆವು.

ಸಂಜೆಗೆ ಹಾರವೇನೋ ಆಯಿತು. ಒಂದು ಲವಂಗ ದಪ್ಪ, ಒಂದು ಸಣ್ಣ, ಬಣ್ಣವೂ ಹೊಂದಿರಲಿಲ್ಲ. ಆದರೆ ಬೀದಿಯ ತಿರುವಿನಲ್ಲೇ ವಾಸನೆ ಹಿಡಿದು ಆ ತಮ್ಮ ನೇರ ಮನೆಗೆ ಬಂದ. ಮದುವೆ ಮುಗಿದ ಮೇಲೆ ಮದುಮಗಳ ತಾಯಿ ಫೋನು ಮಾಡಿ ಹೇಳಿದ್ದು ಇಷ್ಟೇ: "ಮೊದಲಿನ ಹಾರ ನೋಡಾಕ ಭಾಳ ಚಂದಿತ್ರಿ." ಚಿಗವ್ವನಿಗೆ ಬೇಸರವಾಗಲಿಲ್ಲ, "ಖರೆ ಅಂದ್ಲು ಬಿಡು" ಎಂದಳು. ಆಮೇಲೆಯೂ ಹಾರ ಕೇಳುವವರು ಬಂದರು. ಆಕೆ ನಾಲಗೆಯಿಂದ ಆರಿಸುತ್ತ, ತೊದಲುತ್ತಲೇ ವ್ಯವಹಾರ ಮಾಡಿದಳು.

ಹೋದ ಚಳಿಗಾಲದಲ್ಲಿ ಆಕೆ ಹಾಸಿಗೆ ಹಿಡಿದಳು. ಮಗಳು ಶಿರಹಟ್ಟಿಯಿಂದ ಬಂದು ನೋಡಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ನಾನು ಹೋದಾಗ ಟ್ರಂಕು ತೆಗೆಸಿ, ಸೀರೆಯ ಮಡಿಕೆಯೊಳಗಿನಿಂದ ಕಪ್ಪಾದ ಒಂದು ಹಾರ ತರಿಸಿದ್ದಳು. ಅದು ಆಕೆಯ ಮದುವೆಯದು, ಆಕೆಯ ತಾಯಿ ಲಕ್ಷ್ಮೇಶ್ವರದಲ್ಲಿ ಕೂತು ಕಟ್ಟಿದ್ದು. ಜ್ವರ ಬಂದ ಮೇಲೆ ಅದನ್ನು ತೆಗೆದು ನೋಡುವ ಧೈರ್ಯ ಆಗಿರಲಿಲ್ಲವಂತೆ.

"ಘಮಾ ಘಮಾ ಅನ್ನಾಕತ್ತೈತಿ ಯವ್ವಾ" ಎಂದು ಮಗಳು ಹೇಳುತ್ತಿದ್ದಳು. ಚಿಗವ್ವ ಅದನ್ನು ಕೇಳಿಸಿಕೊಳ್ಳದೆ ಹಾರವನ್ನು ನನ್ನ ಕೈಗಿಟ್ಟಳು.

"ನಾ ಹೋಗುವಾಗ ಇದನ್ನ ಹಾಕ್ಕೊಂಡು ಹೋಗಬೇಕಂತ ಆಸೆ ಐತಿ. ಅವ್ವನ ಕೈಯಾಗಿಂದು, ಹಲ್ಲ ಹಚ್ಚಿ ನೋಡಾಕ ಮನಸಾಗವಲ್ದು. ವಾಸನಿ ಇಲ್ಲದ್ದನ್ನ ಹಾಕ್ಕೊಂಡು ಆಕಿ ಮುಂದ ಹೆಂಗ ಹೋಗ್ಲಿ? ನೀ ನೋಡಿ ಹೇಳು."

ಹಾರವನ್ನು ಮೂಗಿಗೆ ಹಿಡಿದೆ. ಮೊದಲು ಹಳೆಯ ರೇಷ್ಮೆಯ ವಾಸನೆಯೊಂದೇ ಬಂತು. ಇಲ್ಲದಿದ್ದರೆ ಇಲ್ಲ ಎಂದೇ ಹೇಳಬೇಕಾಗಿತ್ತು, ಆ ಮುಖ ನೋಡುತ್ತ ಅದನ್ನು ಹೇಗೆ ಹೇಳುವುದೋ ತಿಳಿಯಲಿಲ್ಲ. ಎರಡೂ ಅಂಗೈ ನಡುವೆ ಇಟ್ಟು ಮೆಲ್ಲಗೆ ಉಜ್ಜಿ, ಬಿಸಿ ಉಸಿರು ಬಿಟ್ಟು ಮತ್ತೆ ಮೂಸಿದೆ. ಬಂತು. ಎಲ್ಲೋ ತಳದಲ್ಲಿ, ಎಳೆಯಷ್ಟು, ಆದರೆ ಲವಂಗವೇ.

"ಐತಿ ಚಿಗವ್ವಾ. ಭಾಳ ಇಲ್ಲ, ಸಣ್ಣಗ ಐತಿ."

ಆಕೆ ಕಣ್ಣು ಮುಚ್ಚಿದಳು. "ನೀ ಒಮ್ಮೆ ಇಲ್ಲಂತ ಹೇಳಿದಾಕಿ," ಎಂದಳು. "ಅದಕ್ಕ ನಂಬತೀನಿ."

ಇಷ್ಟು ವರ್ಷ ಪಾಠ ಮಾಡಿದ್ದೇನೆ, ಮಕ್ಕಳು ನನ್ನ ಮಾತನ್ನು ಪುಸ್ತಕದಲ್ಲಿದೆ ಎಂದು ನಂಬಿದ್ದಾರೆ. ಹೀಗೆ ನನ್ನನ್ನು ನಂಬಿದವರು ಬೇರೆ ಯಾರೂ ಇಲ್ಲ. ಆ ಋಣ ನನ್ನ ಮೇಲಿದೆ, ತೀರಿಸುವ ದಾರಿ ಗೊತ್ತಿಲ್ಲ.

ಶಿವರಾತ್ರಿಗೆ ಮುಂಚೆಯೇ ಚಿಗವ್ವ ಹೋದಳು. ನಮ್ಮ ಕಡೆಯ ಪದ್ಧತಿಯಂತೆ ಜಗುಲಿಯ ಮೇಲೆ ಆಕೆಯನ್ನು ಕೂರಿಸಿದಾಗ ಓಣಿಯೆಲ್ಲ ಸೇರಿತ್ತು. ಗಂಡ ಆ ಕಪ್ಪು ಹಾರ ಹಿಡಿದು ಬಂದವನು, ಕೊರಳಿಗೆ ಹಾಕದೆ ಗುಂಪಿನಲ್ಲಿ ನನ್ನನ್ನು ಹುಡುಕಿದ.

"ಐತಿ ಅಂತ ನೀನ ಹೇಳಿದ್ದಿ ಅಲ್ಲವಾ?"

"ಹೌದ್ರಿ ಕಾಕಾ, ಐತಿ" ಎಂದೆ.

ಅವನು ಹಾರವನ್ನು ಆಕೆಯ ಕೊರಳಿಗೆ ಹಾಕಿದ.